ಭಾವನ ನಿಘಂಟು, ಭಾವಮೈದನ ನಿಘಂಟು

ನಿಘಂಟು ಕಚೇರಿಯ ನಿರ್ದೇಶಕರು ತಾವೇ ಕುರ್ಚಿ ಎಳೆದುಕೊಂಡು ಹಳೆಯ ಕಂಪ್ಯೂಟರಿನ ಮುಂದೆ ಕೂತದ್ದನ್ನು ಕಂಡು, ಅದನ್ನು ನೋಡಿಕೊಳ್ಳುವ ತಂತ್ರಜ್ಞೆ ಓಡಿಬಂದು ಪಕ್ಕದಲ್ಲಿ ನಿಂತಳು. ಪರದೆಯ ಮೇಲೆ ಎರಡು ಫೋಲ್ಡರುಗಳಿದ್ದವು. ಒಂದರ ಹೆಸರು ‘ಹಿರಿಯ ಸಂಪಾದಕರು’, ಇನ್ನೊಂದು ‘ಕಿರಿಯ ಸಂಪಾದಕರು’.

“ಎರಡರಲ್ಲೂ ಇಪ್ಪತ್ತು ಪುಟ ಪ್ರಿಂಟ್ ತೆಗೆಸಿ ನೋಡ್ದೆ. ಅಕ್ಷರಕ್ಕೆ ಅಕ್ಷರ ಒಂದೇ! ಯಾರದನ್ನ ಯಾರು ಕದ್ರೋ ನಂಗೆ ಬೇಡ. ಒಂದು ಇಟ್ಕೊಂಡು ಒಂದು ಅಳಿಸಿಬಿಡ್ತೀನಿ,” ಎಂದರು ನಿರ್ದೇಶಕರು, ಇಬ್ಬರು ಸಂಪಾದಕರನ್ನೂ ಎದುರಿಗೆ ನಿಲ್ಲಿಸಿಕೊಂಡು.

“ಕದ್ದದ್ದು ಅವರು,” ಎಂದರು ಹಿರಿಯ ಸಂಪಾದಕರು, ಕಿಟಕಿಯ ಕಡೆಗೆ ನೋಡುತ್ತ. “ಅವರೇ,” ಎಂದರು ಕಿರಿಯರು, ಬೀರುವಿನ ಕಡೆಗೆ ನೋಡುತ್ತ. ಕಿರಿಯರ ಅಕ್ಕನನ್ನೇ ಹಿರಿಯರು ಮದುವೆಯಾಗಿದ್ದರು. ‘ಹಟ’ ಎಂಬುದು ಗುಣವೋ ದೋಷವೋ ಎಂದು ಜಗಳವಾಡಿ ಭಾವ, ಭಾವಮೈದ ಮಾತು ಬಿಟ್ಟು ಆರು ವರ್ಷವಾಗಿತ್ತು.

ಎರಡು ವರ್ಷದ ಹಿಂದೆ ಇಬ್ಬರೂ ಬೇರೆ ಬೇರೆಯಾಗಿ ಬಂದು ತಂತ್ರಜ್ಞೆಯ ಮುಂದೆ ಒಂದೇ ಬೇಡಿಕೆ ಇಟ್ಟಿದ್ದರು: ‘ಇಡೀ ನಿಘಂಟು ನನ್ನ ಫೋಲ್ಡರಿನಲ್ಲಿರಬೇಕು, ಅವರ ಕೈ ತಾಗಕೂಡದು.’ ನಿಘಂಟಿನ ಅಕ್ಷರಗಳು ಮೂಡುತ್ತಿದ್ದುದು ಆ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ; ಅದರ ಡಿಸ್ಕಿನಲ್ಲಿ ಎರಡು ನಿಘಂಟಿಗೆ ಜಾಗವಿರಲಿಲ್ಲ. ಹೊಸ ಸಿಸ್ಟಮ್‌ಗಳಲ್ಲಾದರೆ ಒಂದೇ ಫೋಲ್ಡರಿಗೆ ಎರಡು ಹೆಸರು ಕೊಡುವ ಕೊಂಡಿ ಇರುತ್ತದೆ. ಈ ಮುದಿ ಸಿಸ್ಟಮ್‌ಗೂ ಆ ವಿದ್ಯೆ ಒಳಗೊಳಗೇ ಬರುತ್ತಿತ್ತು, ಮಾಡಿಸುವ ಗುಂಡಿ ಮಾತ್ರ ಇರಲಿಲ್ಲ. ಅವಳು ಎಲ್ಲೆಲ್ಲೋ ಹುಡುಕಿ, ಯಾರೋ ಪುಣ್ಯಾತ್ಮ ಬರೆದಿಟ್ಟ ಪುಟ್ಟ ಪ್ರೋಗ್ರಾಮ್ ತಂದು ಸೇರಿಸಿ, ಕೊಂಡಿ ಹಾಕಿ, ತುಟಿ ಹೊಲಿದುಕೊಂಡಳು.

ಅಂದಿನಿಂದ ಬೆಳಗ್ಗೆ ಭಾವ, ಮಧ್ಯಾಹ್ನ ಭಾವಮೈದ ಅದೇ ಕುರ್ಚಿಯಲ್ಲಿ ಕೂತು ಅದೇ ನಿಘಂಟನ್ನು ತಿದ್ದಿದರು. ಒಳ್ಳೆಯ ವಾಕ್ಯ ಕಣ್ಣಿಗೆ ಬಿದ್ದರೆ ‘ಯಾವಾಗ ಬರೆದೆನೋ ಏನೋ, ಚೆನ್ನಾಗಿದೆ’ ಎಂದು ಇಬ್ಬರೂ ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ತಪ್ಪು ಕಂಡರೆ, ಯಂತ್ರ ಕೆಟ್ಟಿದೆಯೆಂದು ಅವಳನ್ನು ಕೂಗಿದರು.

ನಿರ್ದೇಶಕರ ಬೆರಳು ಕೀಲಿಯ ಮೇಲೆ ಇಳಿಯುವಷ್ಟರಲ್ಲಿ ಅವಳು ಕೀಬೋರ್ಡನ್ನೇ ಕಿತ್ತುಕೊಂಡಳು. “ಬೇಡಿ ಸಾರ್! ಇರೋದು ಒಂದೇ. ಇನ್ನೊಂದು ಬರೀ ಹೆಸರು. ಹೆಸರು ಅಳಿಸೋಕೆ ಹೋದ್ರೂ ಈ ಹಳೇ ಸಿಸ್ಟಮ್ ಒಳಗಿರೋದನ್ನೆಲ್ಲ ಗುಡಿಸಿಹಾಕತ್ತೆ.”

“ಬೇರೆ ಕಡೆ ಒಂದು ಕಾಪಿ ಇರಬೇಕಲ್ಲ?”

“ಕಾಪಿ ತೆಗೆಯೋ ಯಂತ್ರ ಕೆಟ್ಟು ಒಂದು ವರ್ಷ ಆಯ್ತು ಸಾರ್. ಅರ್ಜಿ ನಿಮ್ಮ ಮೇಜಿನ ಮೇಲಿದೆ.”

ನಿರ್ದೇಶಕರು ಮೆಲ್ಲಗೆ ಎದ್ದರು. ಬೈಯಬೇಕಾದದ್ದು ಯಾರನ್ನು ಎಂದು ಹೊಳೆಯದೆ, ಮೂವರನ್ನೂ ಒಮ್ಮೆ ದುರುಗುಟ್ಟಿ ನೋಡಿ ಹೊರಟುಹೋದರು. ತನ್ನ ಕೆಲಸಕ್ಕೆ ಸಂಚಕಾರ ಬಂತೆಂದು ಅವಳು ತಲೆ ತಗ್ಗಿಸಿ ನಿಂತಳು.

ಹಿರಿಯರು ಗಂಟಲು ಸರಿಮಾಡಿಕೊಂಡರು. “‘ಮುನಿಸು: ಸಮಾಧಾನ ಮಾಡಲಿ ಎಂದು ಕಾಯುವ ಕೋಪ.’ ಅದು ನಾನು ಬರೆದದ್ದು ತಾನೇ?”

ಮಾತು ತನಗೇ ಎಂದು ಖಾತ್ರಿಯಾಗಲು ಕಿರಿಯರಿಗೆ ಕ್ಷಣ ಹಿಡಿಯಿತು. “ಅಲ್ಲ ಭಾವ, ನಾನು. ‘ಯಾರಾದರೂ ಬಂದು ಸಮಾಧಾನ ಮಾಡಲಿ’ ಅಂತಿತ್ತು. ‘ಯಾರಾದರೂ ಬಂದು’ ಅನ್ನೋದನ್ನ ನೀವು ಹೊಡೆದುಹಾಕಿರಬೇಕು.”

“ಹೊಡೆದಮೇಲೆ ಚೆನ್ನಾಯ್ತಲ್ಲ?”

“ಆಯ್ತು,” ಎಂದರು ಕಿರಿಯರು, ಹಲ್ಲು ಕೀಳಿಸಿಕೊಂಡವರ ಹಾಗೆ.

ಮಾರನೆಯ ಬೆಳಗ್ಗೆ ಹಿರಿಯರು ಹೊತ್ತಿಗೆ ಮುಂಚೆಯೇ ಬಂದರು. ಬಾಗಿಲಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಅವಳಿಗೆ ಹೇಳಿದರು: “ಆದದ್ದಾಯ್ತು ಕಣಮ್ಮ. ಹೊಸ ಡಿಸ್ಕಿಗೆ ನಾನೇ ಅರ್ಜಿ ಬರೆದುಕೊಡ್ತೀನಿ, ನನ್ನದನ್ನ ಬೇರೆ ಮಾಡಿಬಿಡು.”

“ಆಗಲಿ ಸಾರ್.”

“ಪೂರ್ತಿ ಬೇರೆ. ಅವನಿಗೂ ನನಗೂ ಸಂಬಂಧವೇ ಇರಬಾರದು.” ಎರಡು ಹೆಜ್ಜೆ ಹೋದವರು ತಿರುಗಿ ನಿಂತರು. “ಆದರೆ ಅವನು ತಿದ್ದಿದ್ದು ಮಾತ್ರ ನನ್ನದರಲ್ಲಿ ಕಾಣ್ತಾ ಇರಬೇಕು.”