ಗಿಟಾರ್ ಬಿಟ್ಟು ಬ್ಯಾಂಜೊ ಹಿಡಿದೆ

ಇಪ್ಪತ್ತೆರಡು ವರ್ಷ ಗಿಟಾರ್ ನುಡಿಸಿದರೂ ಒಬ್ಬರೂ ನನಗೆ "ಇನ್ನೊಂದು ನುಡಿಸಿ" ಅಂದಿರಲಿಲ್ಲ. ತಪ್ಪು ವಾದ್ಯದ್ದೇ ಇರಬೇಕು ಅಂತ ಐವತ್ತನೇ ವಯಸ್ಸಿನಲ್ಲಿ ಬ್ಯಾಂಜೊ ಕೊಂಡೆ. ಪಳಗಿದ ಕೈಗೆ ಇದೇನು ಮಹಾ ಅಂದುಕೊಂಡಿದ್ದೆ. ಬೆರಳಿಗೆ ಉಕ್ಕಿನ ಉಗುರು ಸಿಕ್ಕಿಸಿಕೊಂಡು ಆರು ವಾರ ಮೀಟಿದರೂ ಅದು ಡಬ್ಬದಲ್ಲಿ ಗೋಲಿ ಕುಲುಕಿದ ಹಾಗೇ ಕೇಳುತ್ತಿತ್ತು. ಅರ್ಧ ಗಂಟೆ ವಾಕಿಂಗ್ ಹೋಗುತ್ತಿದ್ದ ಹೆಂಡತಿ ಈಗ ಎರಡು ಗಂಟೆ ಹೋಗತೊಡಗಿದಳು.

ಒಂದು ಸಂಜೆ ಕೆಳಗಿನ ಮನೆಯ ರಿಟೈರ್ಡ್ ಟೀಚರ್ ಅಂಬುಜಾಕ್ಷಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಹಣ್ಣುಕಾಯಿಯ ಬುಟ್ಟಿ.

"ತೊಂದರೆ ಆಯ್ತಾ ಟೀಚರ್?" ಅಳುಕುತ್ತಲೇ ಕೇಳಿದೆ.

"ಛೇ, ಇಲ್ಲಪ್ಪ. ದೇವಸ್ಥಾನಕ್ಕೆ ಹೊರಟಿದ್ದೆ. ಗಿಟಾರ್ ಬಿಟ್ಟೆಯಂತೆ?"

"ಹೌದು, ಪೂರ್ತಿ ಬಿಟ್ಟೆ."

"ಈಗ ನುಡಿಸ್ತೀಯಲ್ಲ, ಇದರ ಹೆಸರೇನು?"

ಇಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬರು ಆಸಕ್ತಿಯಿಂದ ಕೇಳಿದ್ದರು. ನನ್ನ ಎದೆ ಉಬ್ಬಿತು.

"ಬ್ಯಾಂಜೊ ಟೀಚರ್! ಯಾಕೆ, ಇಷ್ಟ ಆಯ್ತಾ?"

ಅವರು ಆ ಹೆಸರನ್ನು ಎರಡು ಸಲ ಬಾಯಿಪಾಠ ಮಾಡಿಕೊಂಡರು.

"ಹರಕೆ ಹೊರುವಾಗ ಹೆಸರು ಹಿಡಿದು ಹೇಳಬೇಕಪ್ಪ. ಹೋದ ಸಲ ಬರೀ ಗಿಟಾರ್ ನಿಲ್ಲಲಿ ಅಂತ ಬೇಡಿಕೊಂಡುಬಿಟ್ಟೆ."