ಒಂದು ಬೆರಳಿನ ದೂರ

"ನೀನು ಕಾಲೇಜಿಗೆ ಹೋಗೋದರೊಳಗೆ ನಮ್ಮ ಬೀದಿಗೆ ಮೆಟ್ರೋ ಬಂದೇ ಬರುತ್ತೆ, ಪುಟ್ಟಿ."

ಮಗಳಿಗೆ ಮೂರು ವರ್ಷವಿದ್ದಾಗ ಅಪ್ಪ ಕೊಟ್ಟ ಮಾತು. ಆಗ ಅವಳು ಅವನ ಸೊಂಟದ ಮೇಲಿದ್ದಳು. ಈಗ ಹನ್ನೆರಡು. ಎಡಗಾಲಿಗೆ ಕಬ್ಬಿಣದ ಪಟ್ಟಿ, ಶಾಲೆಗೆ ಎರಡು ಬಸ್ಸು. ಎರಡಕ್ಕೂ ಅವನೇ ಎತ್ತಿ ಹತ್ತಿಸಬೇಕು. ಅವನ ಸೊಂಟವೂ ಮೊದಲಿನಂತಿರಲಿಲ್ಲ.

ಅವನು ಮಹಾನಗರ ಪಾಲಿಕೆಯ ಮಾದರಿಗಾರ. ರಟ್ಟಿನಲ್ಲಿ ಊರು ಕಟ್ಟುವವನು. ಒಂಬತ್ತು ವರ್ಷದಲ್ಲಿ ಮೆಟ್ರೋದ ಕೊನೆಯ ನಿಲ್ದಾಣವನ್ನು ಹದಿನಾಲ್ಕು ಸಲ ಕಿತ್ತು ಅಂಟಿಸಿದ್ದ. ಮೇಯರ್ ಸ್ಟೇಡಿಯಂ ಕಡೆ ತಳ್ಳಿಸಿದರೆ ವಿರೋಧ ಪಕ್ಷದ ನಾಯಕರು ಮಾರುಕಟ್ಟೆ ಕಡೆ ಎಳೆಸುತ್ತಿದ್ದರು. ನಡುವೆ ಅವನ ಬೀದಿ. ಆ ಬೀದಿ ಯಾರ ಬಾಯಿಗೂ ಬರುತ್ತಿರಲಿಲ್ಲ.

ಒಂದು ರವಿವಾರ ಮಗಳು ಅವನ ಕಚೇರಿಯಲ್ಲಿ ಮಾದರಿಯ ಮೇಲೆ ಬಾಗಿದ್ದಳು.

"ಅಪ್ಪಾ, ನಮ್ಮನೆ ಇದೇನಾ?"

ನೀಲಿ ಬಾಗಿಲಿನ ಕಡಲೆಕಾಳಿನಷ್ಟು ಮನೆ. ನಿಜವಾದ ಮನೆಗೆ ಒಂದೂ ಮೆಟ್ಟಿಲಿರಲಿಲ್ಲ. ಅವಳಿಗಾಗಿ ಹಾಗೆ ಕಟ್ಟಿಸಿದ್ದ.

"ಇಲ್ಲಿಂದ ಬೀದಿ ಬಾಯಿಗೆ ನೂರು ಹೆಜ್ಜೆ ಅಪ್ಪಾ. ನಾನು ಎಣಿಸಿದ್ದೀನಿ."

"ಮಾದರೀಲಿ ನೂರು ಹೆಜ್ಜೆ ಅಂದ್ರೆ ಒಂದೇ ಬೆರಳು ಪುಟ್ಟಿ."

ಮುದುಕ ಜವಾನ ನಕ್ಕ. ಕಚೇರಿಗೆ ಬಂದಾಗಲೆಲ್ಲ ಅವಳನ್ನು ಕೈಹಿಡಿದು ಮೆಟ್ಟಿಲು ಹತ್ತಿಸುವವನು ಅವನೇ. "ಊರಿಗೆಲ್ಲ ನಿಲ್ದಾಣ ಅಂಟಿಸ್ತೀರಿ ಸಾರ್, ಈ ಮಗೂಗೆ ಒಂದು ಅಂಟಿಸೋಕಾಗಲ್ವಾ?"

"ನಾನು ಯಾರು ಮಾರಾಯ, ಬರೀ ಗೋಂದು."

ಕಳೆದ ವರ್ಷ ನಕ್ಷೆ ಅದಲುಬದಲಾಯಿತೆಂದು ಸಭೆಯಲ್ಲಿ ಕುರ್ಚಿಗಳೇ ಹಾರಿದ್ದವು. ಅಂದಿನಿಂದ ಕಾಗದವನ್ನು ಯಾರೂ ನಂಬುತ್ತಿರಲಿಲ್ಲ. ಮತ ಹಾಕುವಾಗ ಗಾಜಿನ ಮುಚ್ಚಳದೊಳಗೆ ಮಾದರಿ ಹೇಗಿರುತ್ತದೋ ಅದೇ ಯೋಜನೆ. ಮುಚ್ಚಳಕ್ಕೆ ಮೊಹರು ಬಿದ್ದ ಮೇಲೆ ಮುಟ್ಟಿದವನ ಕೆಲಸ ಹೋಯಿತು ಎಂದೇ ಲೆಕ್ಕ.

ಮತದಾನದ ಬೆಳಗ್ಗೆ ಮೇಯರ್ ಅಪ್ಪಣೆಯಂತೆ ನಿಲ್ದಾಣವನ್ನು ಸ್ಟೇಡಿಯಂ ಪಕ್ಕ ಅಂಟಿಸಿದ. ಅಲ್ಲಿಂದ ಅವನ ಬೀದಿಯ ಬಾಯಿಗೂ ಒಂದೇ ಬೆರಳು. ಸಭಾಂಗಣ ಖಾಲಿ. ಗೋಂದು ಹಸಿ. ಇಪ್ಪತ್ತೆರಡು ವರ್ಷ ಹೇಳಿದ್ದಷ್ಟೇ ಮಾಡಿದ ಕೈಯನ್ನು ನಿಲ್ದಾಣದ ಮೇಲಿಟ್ಟ.

ಒಂದು ಬೆರಳು ತಳ್ಳಿದ.

ಬಾಗಿಲಲ್ಲಿ ಜವಾನ ನಿಂತಿದ್ದ. ಮುದುಕ ಅಂದು ಕನ್ನಡಕ ಮರೆತು ಬಂದಿದ್ದು ಪುಣ್ಯ ಎಂದುಕೊಂಡ ಮಾದರಿಗಾರ.

"ಗೋಂದು ಒಣಗ್ತಾ ಸಾರ್?"

"ಇನ್ನೂ ಇಲ್ಲ. ಮುಚ್ಚಳ ತರ್ತೀನಿ, ಯಾರೂ ಮುಟ್ಟದ ಹಾಗೆ ನೋಡ್ಕೋ."

ಮುಚ್ಚಳ ಹೊತ್ತು ಬರುವಷ್ಟರಲ್ಲಿ ಸಭಾಂಗಣ ತುಂಬಿತ್ತು. ಗುಂಪಿನ ತಲೆಗಳ ಮೇಲಿಂದಲೇ ನಾಲ್ಕು ಕೈಗಳು ಗಾಜನ್ನು ಇಸಿದುಕೊಂಡು ಮುಚ್ಚಿದವು. ಕಾರ್ಯದರ್ಶಿ ಮೊಹರು ಒತ್ತಿದರು.

ನಿಲ್ದಾಣ ಮಾರುಕಟ್ಟೆ ಕಡೆ ಸರಿದಿದೆ ಎಂದು ವಿರೋಧ ಪಕ್ಷದವರು ಮೇಜು ಕುಟ್ಟಿದರು. ಮೇಯರ್ ಒಂದು ಕ್ಷಣ ಕಣ್ಣು ಕಿರಿದು ಮಾಡಿದರು. ಆಮೇಲೆ, ಇದು ತಮ್ಮದೇ ದೊಡ್ಡ ಮನಸ್ಸು ಎಂದುಬಿಟ್ಟರು. ಅವರ ಕಡೆಯವರೂ ಕುಟ್ಟಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಎಲ್ಲ ಕೈಗಳೂ ಮೇಲೆದ್ದವು.

ಹಿಂದಿನ ಗೋಡೆಗೆ ಒರಗಿದ್ದ ಮಾದರಿಗಾರನ ಕಣ್ಣು ಮಂಜಾಯಿತು. ಮಗಳಿಗೆ ಹೇಗೆ ಹೇಳುವುದು ಎಂದು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದ.

ಜವಾನ ಪಕ್ಕಕ್ಕೆ ಬಂದು ಕಿವಿಯಲ್ಲಿ ಪಿಸುಗುಟ್ಟಿದ. "ಯಾರಿಗೂ ಹೇಳಬೇಡಿ ಸಾರ್. ನೀವು ಬಾಯಿ ಬಿಟ್ಟು ಕೇಳೋರಲ್ಲ. ನೀವು ಆ ಕಡೆ ಹೋದಾಗ, ಮಗೂಗೋಸ್ಕರ, ನಿಮ್ಮ ಬೀದಿ ಕಡೆ ನಾನೇ ತಳ್ಳಿಬಿಟ್ಟೆ. ಒಂದೇ ಒಂದು ಬೆರಳು."

ಮಾದರಿಗಾರ ಜನರನ್ನು ಸರಿಸಿಕೊಂಡು ಗಾಜಿನ ಮೇಲೆ ಬಾಗಿದ. ಇಬ್ಬರು ನಾಯಕರೂ ಮೊಹರಿನ ಪಕ್ಕ ಕೈಕುಲುಕುತ್ತ ಫೋಟೋಗೆ ನಿಂತಿದ್ದರು.

ನಿಲ್ದಾಣದ ಅಡಿಯಿಂದ ನೀಲಿ ಬಾಗಿಲಿನ ಒಂದು ಅಂಚು ಮಾತ್ರ ಕಾಣುತ್ತಿತ್ತು. ಅವನ ಬೀದಿಗೆ ಮೆಟ್ರೋ ಬಂದಿತ್ತು. ಮಾತು ಉಳಿಯಿತು.