ಕುರಿಯ ದೃಷ್ಟಿ

ಮನುಷ್ಯನ ಭಯಕ್ಕೆ ಮದ್ದು ಹುಡುಕಿ ಲೋಕದ ಪಂಡಿತರೆಲ್ಲ ತಲೆ ಕೆಡಿಸಿಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಅದು ಸಾಂಬಾರ ಡಬ್ಬಿಯಲ್ಲೇ ಇತ್ತು. ಈಗಲೂ ಎಲ್ಲಾದರೂ ಒಣಮೆಣಸಿನಕಾಯಿ ಸುಟ್ಟ ಘಾಟು ಬಂದರೆ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಮಿಡಿಗೇಶಿ ದಾಟಿದ ಮೇಲೆ ನಾವು ಶಾಲೆಗೆ ಹೋಗುವ ಬಸ್ಸು ಹಳ್ಳಕ್ಕೆ ಮಗುಚಿತ್ತು. ಯಾರಿಗೂ ದೊಡ್ಡ ಪೆಟ್ಟಾಗಿರಲಿಲ್ಲ. ನಾನು ಮಾತ್ರ ಅವತ್ತಿನಿಂದ ಬಾಯಿ ಬಿಟ್ಟಿರಲಿಲ್ಲ. 'ಮಗು ಮುಂದೆ ಬಸ್ಸಿನ ಮಾತೇ ಎತ್ತಬ್ಯಾಡಿ' ಎಂದು ಅಪ್ಪ ಮನೆಮಂದಿಗೆಲ್ಲ ಕಟ್ಟಪ್ಪಣೆ ಮಾಡಿದ್ದ.

ಅಜ್ಜಿ ಆ ಕಾನೂನಿಗೆ ಒಳಪಟ್ಟವಳಲ್ಲ. ಉಪ್ಪು, ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನನಗೆ ನಿವಾಳಿಸುತ್ತ, 'ನಾಯಿ ದೃಷ್ಟಿ, ನರಿ ದೃಷ್ಟಿ, ಬಸ್ಸಿನ ದೃಷ್ಟಿ, ಆ ಕುಡುಕ ಡ್ರೈವರ್ ದೃಷ್ಟಿ' ಎಂದಳು.

'ಅವ್ನು ಕುಡ್ದಿರ್ಲಿಲ್ಲ ಕಣಜ್ಜಿ. ಕುರಿ ಅಡ್ಡ ಬಂತು' ಎಂದೆ.

ಅಪ್ಪ ಬಾಗಿಲಲ್ಲೇ ನಿಂತುಬಿಟ್ಟ. ಅಜ್ಜಿಯ ಕೈ ನಿಲ್ಲಲಿಲ್ಲ. 'ಎಂಥ ಕುರಿ ಕಣಮ್ಮ? ಸರ್ಯಾಗಿ ಹೇಳು, ಇಲ್ದಿದ್ರೆ ದೃಷ್ಟಿ ಇಳಿಯಾಕಿಲ್ಲ.'

ಕುರಿಯಿಂದ ಹಿಡಿದು ನಾನು ಸೀಟಿನ ಕೆಳಗೆ ಸಿಕ್ಕಿಕೊಂಡು ಅತ್ತದ್ದರವರೆಗೆ ಎಲ್ಲ ಹೇಳಿದೆ. ಮುಗಿಯುವವರೆಗೂ ಅವಳ ಮುಷ್ಟಿ ಸುತ್ತುತ್ತಲೇ ಇತ್ತು. ಕೊನೆಗೆ 'ಕುರಿ ದೃಷ್ಟಿ, ತೂ' ಎಂದು ಒಲೆಗೆ ಎಸೆದಳು. ಅಪ್ಪ ಕಣ್ಣೊರೆಸಿಕೊಂಡು, ಘಾಟು ಜಾಸ್ತಿಯಾಯಿತು ಎಂದ.

ಸೋಮವಾರ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಗಲಿಲ್ಲ.